ಕಿಣ್ವಗಳ ಬೆನ್ನು ಹತ್ತಿದ ಹ್ಯೂಗೊ ಥಿಯೊರೆಲ್

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ವಿದ್ಯಾರ್ಥಿಗಳು ಓದುವಂಥ ಒಬ್ಬ ಸಾಧಕರ ಜೀವನ ಚಿತ್ರ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದರು. ಸರ್ ಎಂ. ವಿಶ್ವೇಶ್ವರಯ್ಯನವರು, ಸಿ.ವಿ. ರಾಮನ್, ಅಬ್ದುಲ್ ಕಲಾಂ ಇವರ ಬಗ್ಗೆ ಬರೆಯುವವರು ಬಹಳ ಜನ ಇದ್ದಾರೆ, ಬರೆಯಲೂ ಬೇಕು. ನಾನು ಮಾತ್ರ ನಮ್ಮ ಮಕ್ಕಳು ಅಷ್ಟಾಗಿ ಹೆಸರು ಕೇಳಿರದ ಒಬ್ಬರನ್ನು ಆರಿಸಿಕೊಂಡಿದ್ದೇನೆ. ಅವರು ಸ್ವೀಡನ್ ದೇಶದ ಹ್ಯೂಗೊ ಥಿಯೊರೆಲ್. 1955ರಲ್ಲಿ ವೈದ್ಯಶಾಸ್ತ್ರದ ನೊಬೆಲ್ ಪಾರಿತೋಷಕವನ್ನು ಯಾರೊಂದಿಗೂ ಹಂಚಿಕೊಳ್ಳದೆ ಒಬ್ಬರೇ ಪಡೆದವರು. ಅವರೂ ನಮ್ಮ ಹಾಗೆ ಊರಿನ ಸರ್ಕಾರಿ ಪ್ರೌಢಶಾಲೆಯಲ್ಲೇ ಓದಿದವರು.

ಬಿ.ಇ. ಮುಗಿಸಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದ ನನಗೆ ಈ ಹೆಸರು ಸಿಕ್ಕಿದ್ದು ಕೆಲಸದ ದಾರಿಯಲ್ಲೇ. ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಯಂತ್ರಗಳಿಗೆ ಪ್ರೋಗ್ರಾಂ ಬರೆಯುವುದು ನಮ್ಮ ತಂಡದ ಕೆಲಸ. ಎಲಿಸಾ ಎಂಬ ಪರೀಕ್ಷೆಯಲ್ಲಿ ದ್ರವದ ಬಣ್ಣ ಎಷ್ಟು ಗಾಢವಾಯಿತು ಎಂದು ಯಂತ್ರ ಅಳೆಯುತ್ತದೆ. ಆ ಬಣ್ಣ ಬರಿಸುವುದು ಹೆಚ್ಚಾಗಿ ಒಂದು ಗಿಡದ ಬೇರಿನಿಂದ ತೆಗೆದ ಕಿಣ್ವ. ಮನುಷ್ಯರ ರಕ್ತ ಪರೀಕ್ಷೆಯಲ್ಲಿ ಗಿಡದ ಬೇರಿಗೇನು ಕೆಲಸ ಎಂಬ ಕುತೂಹಲದಿಂದ ಹುಡುಕುತ್ತ ಹೋದಾಗ ಥಿಯೊರೆಲ್ ಅವರ ಹೆಸರು ಕಂಡಿತು. ಆಮೇಲೆ ಅವರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ.

ಆಕ್ಸೆಲ್ ಹ್ಯೂಗೊ ತಿಯೊಡೋರ್ ಥಿಯೊರೆಲ್ ಹುಟ್ಟಿದ್ದು 1903ರ ಜುಲೈ 6ರಂದು, ಲಿಂಕಪಿಂಗ್ ಎಂಬ ಊರಿನಲ್ಲಿ. ಇದು ರಾಜಧಾನಿ ಸ್ಟಾಕ್‌ಹೋಮ್‌ನಿಂದ ಸುಮಾರು 200 ಕಿ.ಮೀ. ದೂರ. ತಂದೆ ತ್ಯೂರೆ ಥಿಯೊರೆಲ್ ಸೈನ್ಯದ ರೆಜಿಮೆಂಟಿನ ವೈದ್ಯರು, ಊರಿನವರಿಗೂ ಔಷಧಿ ಕೊಡುತ್ತಿದ್ದರು. ತಾಯಿ ಆರ್ಮಿಡಾ ಬಿಲ್. ಹ್ಯೂಗೊ ಮೂರು ವರ್ಷದ ಮಗುವಾಗಿದ್ದಾಗ ಪೋಲಿಯೊ ತಗಲಿ ಎಡಗಾಲಿನ ಶಕ್ತಿ ಹೋಯಿತು. ಆಗ ಪೋಲಿಯೊಗೆ ಲಸಿಕೆ ಇರಲಿಲ್ಲ. ಲಸಿಕೆ ಬಳಕೆಗೆ ಬಂದದ್ದು 1955ರಲ್ಲಿ, ಅಂದರೆ ಅವರಿಗೆ ನೊಬೆಲ್ ಬಂದ ವರ್ಷವೇ. ಜೀವಮಾನವಿಡೀ ಅವರು ಕುಂಟುತ್ತಲೇ ನಡೆದರು.

ಊರಿನ ಸರ್ಕಾರಿ ಪ್ರೌಢಶಾಲೆಯಲ್ಲಿ ಒಂಬತ್ತು ವರ್ಷ ಓದಿ, 1921ರ ಮೇ ತಿಂಗಳಲ್ಲಿ ಮೆಟ್ರಿಕ್ಯುಲೇಷನ್ ಪಾಸಾದರು. ಅದೇ ಸೆಪ್ಟೆಂಬರ್‌ನಲ್ಲಿ ಸ್ಟಾಕ್‌ಹೋಮ್‌ನ ಕರೋಲಿನ್‌ಸ್ಕಾ ವೈದ್ಯಕೀಯ ಸಂಸ್ಥೆಗೆ ಸೇರಿದರು. 1924ರಲ್ಲಿ ಮೊದಲ ಪದವಿ ಪಡೆದು, ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಯಲ್ಲಿ ಮೂರು ತಿಂಗಳು ಸೂಕ್ಷ್ಮಜೀವಿ ಶಾಸ್ತ್ರ ಕಲಿತರು. ಅಲ್ಲಿ ಅವರ ಗುರು ಕ್ಷಯರೋಗಕ್ಕೆ ಬಿ.ಸಿ.ಜಿ. ಲಸಿಕೆ ಕೊಟ್ಟ ಕಾಲ್ಮೆಟ್. ಹುಟ್ಟಿದ ಮಗುವಿನ ತೋಳಿಗೆ ಇಂದಿಗೂ ಹಾಕಿಸುವ ಚುಚ್ಚುಮದ್ದು ಅದೇ.

ಊರಿಗೆ ಮರಳಿದ ಥಿಯೊರೆಲ್ ರೋಗಿಗಳನ್ನು ನೋಡುವ ವೈದ್ಯರಾಗಲಿಲ್ಲ. ವಾರ್ಡಿನಿಂದ ವಾರ್ಡಿಗೆ ದಿನವಿಡೀ ಓಡಾಡುವ ವೃತ್ತಿ ಆ ಕಾಲಿಗೆ ಕಷ್ಟವಿತ್ತು. ರಸಾಯನಶಾಸ್ತ್ರದಲ್ಲಿ ಮನಸ್ಸೂ ನೆಟ್ಟಿತ್ತು. ಕರೋಲಿನ್‌ಸ್ಕಾದ ಪ್ರಯೋಗಾಲಯದಲ್ಲಿ ರಕ್ತದೊಳಗಿನ ಕೊಬ್ಬಿನ ಅಂಶಗಳ ಮೇಲೆ ಸಂಶೋಧನೆ ಮಾಡಿ 1930ರಲ್ಲಿ ಎಂ.ಡಿ. ಪಡೆದರು. ಹೀಗೆ ಕೊಬ್ಬಿನೊಂದಿಗೆ ಅವರ ಸಂಬಂಧ ಮೊದಲ ಪ್ರಬಂಧದಲ್ಲೇ ಶುರುವಾಯಿತು. ಮುಂದೆ ಅದು ಸೋಯಾ ಕಾಳಿನವರೆಗೆ ಹೋಗುತ್ತದೆ ಎಂದು ಆಗ ಯಾರಿಗೂ ತಿಳಿದಿರಲಿಲ್ಲ.

1931ರಲ್ಲಿ ಮಾರ್ಗಿಟ್ ಅಲೆನಿಯಸ್ ಅವರನ್ನು ಮದುವೆಯಾದರು. ಆಕೆ ವೃತ್ತಿಯಿಂದ ಸಂಗೀತಗಾರ್ತಿ, ಪಿಯಾನೊ ನುಡಿಸುತ್ತಿದ್ದರು. ಥಿಯೊರೆಲ್ ಪಿಟೀಲು ನುಡಿಸುತ್ತಿದ್ದರು. ಅದೇ ಹೊತ್ತಿಗೆ ಉಪ್ಸಲಾ ನಗರದಲ್ಲಿ ಸ್ವೆಡ್‌ಬರಿ ಎಂಬ ನೊಬೆಲ್ ಪುರಸ್ಕೃತ ವಿಜ್ಞಾನಿಯ ಪ್ರಯೋಗಾಲಯದಲ್ಲಿ ಕೆಲಸ ಆರಂಭಿಸಿದರು. ಸ್ನಾಯುವಿಗೆ ಕೆಂಪು ಬಣ್ಣ ಕೊಡುವ ಮಯೋಗ್ಲೋಬಿನ್ ಎಂಬ ಪ್ರೋಟೀನನ್ನು 1932ರಲ್ಲಿ ಹರಳಿನ ರೂಪದಲ್ಲಿ ಪಡೆದರು. ಮಯೋಗ್ಲೋಬಿನ್‌ನ ನಡುವೆ ಒಂದು ಕಬ್ಬಿಣದ ಪರಮಾಣು ಕುಳಿತಿರುತ್ತದೆ. ಅಲ್ಲಿಂದ ಮುಂದೆ ಅವರ ಬಹುಪಾಲು ಕೆಲಸ ಕಬ್ಬಿಣ ಇರುವ ಪ್ರೋಟೀನುಗಳ ಸುತ್ತಲೇ ನಡೆಯಿತು.

ಹರಳು ಮಾಡುವುದರಲ್ಲಿ ಏನಿದೆ ದೊಡ್ಡ ಸಾಧನೆ ಎಂದು ನಿಮಗೆ ಅನಿಸಬಹುದು. ಕಬ್ಬಿನ ಹಾಲಿನಲ್ಲಿ ಸಕ್ಕರೆಯ ಜೊತೆ ನೂರೆಂಟು ವಸ್ತುಗಳಿರುತ್ತವೆ. ಅದನ್ನು ಶೋಧಿಸಿ, ಕಾಯಿಸಿ, ಹರಳುಗಟ್ಟಿಸಿದಾಗ ಬಿಳಿ ಸಕ್ಕರೆ ಬೇರೆಯಾಗುತ್ತದೆ. ಹಾಗೆಯೇ ಜೀವಕೋಶದ ರಸದಲ್ಲಿ ಸಾವಿರಾರು ಪ್ರೋಟೀನುಗಳು ಕಲೆತಿರುತ್ತವೆ. ಅವುಗಳಲ್ಲಿ ಒಂದನ್ನು ಮಾತ್ರ ಹರಳಾಗಿಸಿದರೆ, ಅದರ ಗುಣವನ್ನು ಬೇರೆಯವುಗಳ ಗೊಂದಲವಿಲ್ಲದೆ ನೋಡಬಹುದು. ಸಾಫ್ಟ್‌ವೇರಿನಲ್ಲಿ ದೋಷ ಹುಡುಕುವಾಗ ನಾವೂ ಇದನ್ನೇ ಮಾಡುತ್ತೇವೆ. ಒಂದೊಂದೇ ಭಾಗ ತೆಗೆದುಹಾಕುತ್ತ, ಕೊನೆಗೆ ಉಳಿದ ಭಾಗವೇ ಆ ಕೆಲಸ ಮಾಡುತ್ತಿದೆ ಎಂದು ಖಚಿತ ಮಾಡಿಕೊಳ್ಳುತ್ತೇವೆ. ಆದರೆ ನಾವು ತೆಗೆದದ್ದನ್ನು ಮತ್ತೆ ಸೇರಿಸಬಹುದು. ಪ್ರೋಟೀನ್ ಒಮ್ಮೆ ಬಿಸಿಗೆ ಕೆಟ್ಟರೆ ಮತ್ತೆ ಸರಿಹೋಗುವುದು ಅಪರೂಪ. ಆದ್ದರಿಂದ ಕೆಲಸವೆಲ್ಲ ಕೊರೆಯುವ ತಂಪಿನಲ್ಲಿ, ವಾರಗಟ್ಟಲೆ ತಾಳ್ಮೆಯಿಂದ ನಡೆಯಬೇಕಿತ್ತು.

ಆ ಕಾಲದಲ್ಲಿ ಇನ್ನೊಂದು ದೊಡ್ಡ ಜಗಳವೂ ಇತ್ತು. ಕಿಣ್ವ ಎಂದರೆ ನಿಜಕ್ಕೂ ಏನು? ಜರ್ಮನಿಯ ವಿಲ್‌ಸ್ಟಾಟರ್ ಎಂಬ ದೊಡ್ಡ ರಸಾಯನಶಾಸ್ತ್ರಜ್ಞರು ಕಿಣ್ವ ಪ್ರೋಟೀನ್ ಅಲ್ಲ ಎನ್ನುತ್ತಿದ್ದರು. ಅವರು ಹಾರ್ಸ್‌ರಾಡಿಶ್ ಎಂಬ, ಸಾಸಿವೆ ಕುಟುಂಬಕ್ಕೆ ಸೇರಿದ ಖಾರದ ಬೇರಿನಿಂದ ಪೆರಾಕ್ಸಿಡೇಸ್ ಎಂಬ ಕಿಣ್ವವನ್ನು ಬಹಳ ಮಟ್ಟಿಗೆ ಶುದ್ಧಿ ಮಾಡಿದ್ದರು. ಆ ದ್ರಾವಣ ಚುರುಕಾಗಿ ಕೆಲಸ ಮಾಡುತ್ತಿತ್ತು, ಆದರೆ ಪ್ರೋಟೀನ್ ಪರೀಕ್ಷೆ ಮಾಡಿದರೆ ಏನೂ ಕಾಣುತ್ತಿರಲಿಲ್ಲ. 1926ರಲ್ಲಿ ಅಮೆರಿಕದ ಜೇಮ್ಸ್ ಸಮ್ನರ್ ಅವರು ಜ್ಯಾಕ್ ಬೀನ್ ಎಂಬ ಅವರೆ ಜಾತಿಯ ಬೀಜದಿಂದ ಯೂರಿಯೇಸ್ ಕಿಣ್ವವನ್ನು ಹರಳಾಗಿಸಿ, ಇದು ಪ್ರೋಟೀನೇ ಎಂದರೂ ಬಹಳ ಜನ ನಂಬಲಿಲ್ಲ. ಸಮ್ನರ್ ಹದಿನೇಳನೆಯ ವಯಸ್ಸಿನಲ್ಲಿ ಬೇಟೆಯ ಅಪಘಾತದಲ್ಲಿ ಎಡಗೈ ಕಳೆದುಕೊಂಡವರು. ಒಂದೇ ಕೈಯಲ್ಲಿ ಆ ಕೆಲಸ ಮಾಡಿದ್ದರು.

ಈ ಜಗಳದ ನಡುವೆ, 1933ರಲ್ಲಿ, ಥಿಯೊರೆಲ್ ಫೆಲೋಶಿಪ್ ಪಡೆದು ಬರ್ಲಿನ್‌ಗೆ ಹೋದರು. ಅಲ್ಲಿನ ಒಟ್ಟೊ ವಾರ್‌ಬರ್ಗ್ ಜೀವಕೋಶ ಆಮ್ಲಜನಕವನ್ನು ಹೇಗೆ ಬಳಸುತ್ತದೆ ಎಂಬುದರ ಮೇಲೆ ಕೆಲಸ ಮಾಡಿ ನೊಬೆಲ್ ಪಡೆದವರು. ಯೀಸ್ಟ್‌ನಲ್ಲಿ ಹಳದಿ ಬಣ್ಣದ ಒಂದು ಕಿಣ್ವ ಇರುವುದನ್ನು ಅವರು ಗುರುತಿಸಿದ್ದರು. ವಿದ್ಯುತ್ ಹರಿಸಿ ಪ್ರೋಟೀನುಗಳನ್ನು ಬೇರ್ಪಡಿಸುವ ಸಾಧನವನ್ನು ಬಳಸಿ ಥಿಯೊರೆಲ್ ಆ ಹಳದಿ ಕಿಣ್ವವನ್ನು ಶುದ್ಧ ಮಾಡಿದರು. ಆಮೇಲೆ ಅದನ್ನು ತಂಪಿನಲ್ಲಿ ತೆಳು ಆಮ್ಲದೊಂದಿಗೆ ಜರಡಿಯಂಥ ಪೊರೆಯ ಮೂಲಕ ಸೋಸಿದಾಗ ಎರಡು ಭಾಗವಾಯಿತು. ಒಂದು ಹಳದಿ ಬಣ್ಣದ ಚಿಕ್ಕ ಅಣು, ಇನ್ನೊಂದು ಬಣ್ಣವಿಲ್ಲದ ಪ್ರೋಟೀನ್. ಬೇರೆ ಬೇರೆಯಾಗಿ ಇಟ್ಟರೆ ಎರಡೂ ಕೆಲಸ ಮಾಡುವುದಿಲ್ಲ. ಮತ್ತೆ ಬೆರೆಸಿದರೆ ಕಿಣ್ವ ಮರುಜೀವ ಪಡೆಯುತ್ತದೆ.

ಆ ಚಿಕ್ಕ ಹಳದಿ ಅಣು ಬಿ2 ವಿಟಮಿನ್‌ಗೆ ಫಾಸ್ಫೇಟ್ ಸೇರಿ ಆದದ್ದು. ವಿಟಮಿನ್ ಕಡಿಮೆಯಾದರೆ ಕಾಯಿಲೆ ಬರುತ್ತದೆ ಎಂದು ಜಗತ್ತಿಗೆ ಗೊತ್ತಿತ್ತು, ಯಾಕೆ ಬರುತ್ತದೆ ಎಂದು ಗೊತ್ತಿರಲಿಲ್ಲ. ವಿಟಮಿನ್ ಎಂಬುದು ಕಿಣ್ವದ ಒಂದು ಬಿಡಿಭಾಗ, ಅದಿಲ್ಲದಿದ್ದರೆ ಯಂತ್ರ ನಿಲ್ಲುತ್ತದೆ ಎಂಬುದಕ್ಕೆ ಈ ಪ್ರಯೋಗ ಕಣ್ಣೆದುರಿನ ಸಾಕ್ಷಿಯಾಯಿತು. ಕಿಣ್ವದಲ್ಲಿ ಪ್ರೋಟೀನ್ ಭಾಗ ಅಗತ್ಯ ಎಂಬುದೂ ಖಚಿತವಾಯಿತು. ಆಗ ಥಿಯೊರೆಲ್ ಅವರಿಗೆ ಮೂವತ್ತೊಂದು ವರ್ಷ.

ಆದರೆ 1935 ಮನೆಗೆ ಒಳ್ಳೆಯ ವರ್ಷವಾಗಲಿಲ್ಲ. ಮಗಳು ಎವಾ ಕ್ರಿಸ್ಟಿನಾ ಅದೇ ವರ್ಷ ತೀರಿಕೊಂಡಳು. ಆ ದಂಪತಿಗೆ ಮುಂದೆ ಉಳಿದವರು ಮೂವರು ಗಂಡುಮಕ್ಕಳು. ಸ್ವೀಡನ್‌ಗೆ ಮರಳಿದ ಥಿಯೊರೆಲ್ ಅವರನ್ನು 1937ರಲ್ಲಿ ಹೊಸದಾಗಿ ತೆರೆದ ನೊಬೆಲ್ ವೈದ್ಯಕೀಯ ಸಂಸ್ಥೆಯ ಜೀವರಸಾಯನ ವಿಭಾಗಕ್ಕೆ ಮುಖ್ಯಸ್ಥರನ್ನಾಗಿ ಮಾಡಿದರು. 1970ರಲ್ಲಿ ನಿವೃತ್ತರಾಗುವವರೆಗೆ ಅವರು ಆ ಹುದ್ದೆಯಲ್ಲೇ ಇದ್ದರು.

ಅಲ್ಲಿ ಅವರು ಕೈಗೆತ್ತಿಕೊಂಡ ಕೆಲಸಗಳಲ್ಲಿ ವಿಲ್‌ಸ್ಟಾಟರ್ ಬಿಟ್ಟುಹೋದ ಆ ಖಾರದ ಬೇರೂ ಒಂದು. ಎರಡನೆಯ ಮಹಾಯುದ್ಧದ ದಿನಗಳಲ್ಲಿ ಅದರ ಪೆರಾಕ್ಸಿಡೇಸ್ ಅನ್ನು ಹರಳಾಗಿಸಿದರು. ಅದು ಪ್ರೋಟೀನೇ ಆಗಿತ್ತು, ನಡುವೆ ರಕ್ತದ ಹಿಮೋಗ್ಲೋಬಿನ್‌ನಲ್ಲಿರುವ ಹಾಗೆ ಹೀಮ್ ಎಂಬ ಕಬ್ಬಿಣದ ಚಕ್ರವಿತ್ತು. ಕಿಣ್ವ ಅತಿ ಚುರುಕಾದದ್ದರಿಂದ ತೀರ ಕಡಿಮೆ ಪ್ರಮಾಣವೇ ಸಾಕಾಗುತ್ತಿತ್ತು. ಅಷ್ಟು ಕಡಿಮೆ ಪ್ರೋಟೀನನ್ನು ಹಿಂದಿನವರ ಪರೀಕ್ಷೆ ಹಿಡಿಯುತ್ತಿರಲಿಲ್ಲ, ಅಷ್ಟೆ. ಕಾಣಲಿಲ್ಲ ಎಂದ ಮಾತ್ರಕ್ಕೆ ಇಲ್ಲ ಎಂದಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಇನ್ನೊಮ್ಮೆ ಬೇಕಾಗುತ್ತದೆ. ಎಲಿಸಾದಲ್ಲಿ ಬಣ್ಣ ಬರಿಸುವುದು ಇದೇ ಪೆರಾಕ್ಸಿಡೇಸ್.

ಇನ್ನು ಸೋಯಾ ಕಾಳಿನ ವಿಷಯಕ್ಕೆ ಬರೋಣ. ಹತ್ತನೆಯ ತರಗತಿಯ ವಿಜ್ಞಾನದಲ್ಲಿ ಕಮಟುವಿಕೆ ಎಂಬ ಪಾಠ ಇದೆ. ಎಣ್ಣೆ, ಕೊಬ್ಬು ಗಾಳಿಯ ಆಮ್ಲಜನಕದೊಂದಿಗೆ ಸೇರಿ ಉತ್ಕರ್ಷಣಗೊಂಡಾಗ ವಾಸನೆ, ರುಚಿ ಕೆಡುತ್ತದೆ ಎಂದು ಅಲ್ಲಿ ಓದುತ್ತೀರಿ. ಚಿಪ್ಸ್ ಪೊಟ್ಟಣದಲ್ಲಿ ಸಾರಜನಕ ತುಂಬುವುದು ಅದಕ್ಕೇ. ಆದರೆ ಸಜ್ಜೆ ಹಿಟ್ಟು ಬೀಸಿಸಿದ ಕೆಲವೇ ದಿನಗಳಲ್ಲಿ ಕಮಟು ಬರುವುದನ್ನು ಮನೆಯಲ್ಲಿ ಕಂಡಿದ್ದೀರಿ. ಇಡೀ ಸಜ್ಜೆ ತಿಂಗಳುಗಟ್ಟಲೆ ಇಟ್ಟರೂ ಹಾಗಾಗುವುದಿಲ್ಲ. ಬೀಸಿದಾಗ ಗಾಳಿ ಸೋಕುವುದು ಒಂದು ಕಾರಣ. ಇನ್ನೊಂದು, ಕಾಳಿನೊಳಗೆ ಬೇರೆ ಬೇರೆ ಕಡೆ ಇದ್ದ ಎಣ್ಣೆಯೂ ಕಿಣ್ವಗಳೂ ಒಂದಕ್ಕೊಂದು ತಾಗುತ್ತವೆ. ಲೈಪೇಸ್ ಎಂಬ ಕಿಣ್ವ ಎಣ್ಣೆಯನ್ನು ಒಡೆದು ಕೊಬ್ಬಿನಾಮ್ಲ ಬಿಡಿಸುತ್ತದೆ. ಬಿಡಿಯಾದ ಕೊಬ್ಬಿನಾಮ್ಲಕ್ಕೆ ಆಮ್ಲಜನಕ ಸೇರಿಸುವ ಕಿಣ್ವಗಳಲ್ಲಿ ಮುಖ್ಯವಾದದ್ದು ಲಿಪಾಕ್ಸಿಜನೇಸ್. ಹಳೆಯ ಹೆಸರು ಲಿಪಾಕ್ಸಿಡೇಸ್.

ಈ ಕಿಣ್ವ ಸೋಯಾ ಕಾಳಿನಲ್ಲಿ ಹೇರಳ. 1932ರಲ್ಲಿ ಫ್ರಾನ್ಸಿನಲ್ಲಿ ಆಂಡ್ರೆ ಮತ್ತು ಹೌ ಎಂಬ ಇಬ್ಬರು ಸೋಯಾದಲ್ಲಿ ಕೊಬ್ಬನ್ನು ಉತ್ಕರ್ಷಿಸುವ ಕಿಣ್ವ ಇದೆ ಎಂದು ತೋರಿಸಿದರು. ಸುಮಾರು ಅದೇ ಕಾಲಕ್ಕೆ ಅಮೆರಿಕದ ಬ್ರೆಡ್ ತಯಾರಕರು ಮೈದಾಕ್ಕೆ ಸ್ವಲ್ಪ ಹಸಿ ಸೋಯಾ ಹಿಟ್ಟು ಬೆರೆಸಿ ಬ್ರೆಡ್ಡನ್ನು ಬೆಳ್ಳಗೆ ಮಾಡುತ್ತಿದ್ದರು. ಮೈದಾದಲ್ಲಿರುವ ಹಳದಿ ಕ್ಯಾರೊಟಿನ್ ಬಣ್ಣ ಹೇಗೆ ಮಾಯವಾಗುತ್ತದೆ ಎಂಬುದನ್ನು ಬಿಡಿಸಿದ್ದು, ಒಂದೇ ಕೈಯ ವಿಜ್ಞಾನಿ ಎಂದು ಮೇಲೆ ಹೇಳಿದ ಸಮ್ನರ್. ಕ್ಯಾರೊಟಿನ್ ಅಳಿಸುವ ಕಿಣ್ವವೂ ಕೊಬ್ಬನ್ನು ಉತ್ಕರ್ಷಿಸುವ ಕಿಣ್ವವೂ ಒಂದೇ ಎಂದು 1940ರಲ್ಲಿ ಅವರು ಗುರುತಿಸಿದರು. ಕೊಬ್ಬಿನಾಮ್ಲ ಉತ್ಕರ್ಷಣಗೊಳ್ಳುವಾಗ ಪಕ್ಕದಲ್ಲಿದ್ದ ಬಣ್ಣವೂ ಜೊತೆಯಲ್ಲಿ ಸುಟ್ಟುಹೋಗುತ್ತದೆ.

ಥಿಯೊರೆಲ್ ಅವರ ಪ್ರಯೋಗಾಲಯಕ್ಕೆ ಈ ಕಿಣ್ವವನ್ನು ತಂದವರಲ್ಲಿ ಒಬ್ಬರು ಸುನೆ ಬರ್ಗ್‌ಸ್ಟ್ರಾಮ್ ಎಂಬ ತರುಣ. ಲಿನೋಲಿಕ್ ಆಮ್ಲ ತಾನಾಗಿಯೇ ಹೇಗೆ ಉತ್ಕರ್ಷಣಗೊಳ್ಳುತ್ತದೆ ಎಂದು ಅವರು ನೋಡುತ್ತಿದ್ದರು, ಸೋಯಾ ಕಿಣ್ವವನ್ನು ಶುದ್ಧ ಮಾಡುವುದಕ್ಕೂ ಕೈಹಾಕಿದರು. ಯುದ್ಧ ಮುಗಿದ ಮೇಲೆ ಅಮೆರಿಕದಿಂದ ರಾಲ್ಫ್ ಹೋಲ್ಮನ್ ಬಂದು ಸೇರಿದರು. ಒಮೇಗಾ-3 ಎಂಬ ಹೆಸರನ್ನು ನಾವು ಇಂದು ಮೀನೆಣ್ಣೆಯ ಡಬ್ಬಿಯ ಮೇಲೆಲ್ಲ ಓದುತ್ತೇವಲ್ಲ, ಕೊಬ್ಬಿನಾಮ್ಲಗಳನ್ನು ಹಾಗೆ ಒಮೇಗಾ ಲೆಕ್ಕದಲ್ಲಿ ಕರೆಯುವ ರೂಢಿ ಬೆಳೆಸಿದವರು ಮುಂದೆ ಇದೇ ಹೋಲ್ಮನ್. ಥಿಯೊರೆಲ್, ಹೋಲ್ಮನ್ ಮತ್ತು ಥಿಯೊರೆಲ್ ಅವರ ಬಹುಕಾಲದ ಸಹೋದ್ಯೋಗಿ ಓಕೆ ಓಕೆಸಾನ್ ಸೇರಿ 1947ರಲ್ಲಿ ಸೋಯಾದ ಲಿಪಾಕ್ಸಿಜನೇಸ್ ಅನ್ನು ಹರಳಾಗಿಸಿದರು. ಅದರ ಅಣುತೂಕ ಸುಮಾರು 1,02,000 ಎಂದು ಅಳೆದರು. ನೀರಿನ ಅಣುತೂಕ 18 ಎಂಬುದನ್ನು ನೆನಪಿಸಿಕೊಂಡರೆ ಈ ಅಣು ಎಷ್ಟು ದೊಡ್ಡದೆಂದು ತಿಳಿಯುತ್ತದೆ.

ಈ ಕಿಣ್ವ ಮಾಡುವ ಕೆಲಸ ಇಷ್ಟು. ಲಿನೋಲಿಕ್ ಆಮ್ಲದಲ್ಲಿ 18 ಇಂಗಾಲದ ಪರಮಾಣುಗಳ ಸರಪಳಿ ಇದೆ, ಅದರಲ್ಲಿ ಎರಡು ದ್ವಿಬಂಧಗಳು. ಅವೆರಡರ ನಡುವಿನ ಇಂಗಾಲದಿಂದ ಕಿಣ್ವ ಒಂದು ಜಲಜನಕವನ್ನು ಕಿತ್ತು, ಸರಪಳಿಯ 9ನೆಯ ಇಲ್ಲವೆ 13ನೆಯ ಇಂಗಾಲಕ್ಕೆ ಆಮ್ಲಜನಕದ ಒಂದು ಅಣುವನ್ನು ಅಂಟಿಸುತ್ತದೆ. ಗಾಳಿಯಲ್ಲಿ ತಾನಾಗಿ ಕೆಡುವ ಎಣ್ಣೆಯಲ್ಲಿ ಆಮ್ಲಜನಕ ಮನಬಂದ ಕಡೆ ಸೇರುತ್ತದೆ. ಕಿಣ್ವ ಮಾತ್ರ ಗುರಿಯಿಟ್ಟು ಒಂದೇ ಜಾಗಕ್ಕೆ ಸೇರಿಸುತ್ತದೆ. ಹೀಗೆ ಆದ ವಸ್ತುವನ್ನು ಬೇರೆ ಕಿಣ್ವಗಳು ಕತ್ತರಿಸಿ ಅಥವಾ ತಿರುಚಿ ಹೊಸ ಹೊಸ ಪದಾರ್ಥ ಮಾಡುತ್ತವೆ.

ಸಸ್ಯ ಇದನ್ನು ತನ್ನ ಹಿಟ್ಟು ಕೆಡಿಸಿಕೊಳ್ಳಲು ಇಟ್ಟುಕೊಂಡಿಲ್ಲ. ಹುಲ್ಲು ಕೊಯ್ದಾಗ ಬರುವ ಹಸಿರು ವಾಸನೆ ಇದೇ ದಾರಿಯಲ್ಲಿ ಹುಟ್ಟುತ್ತದೆ. ಎಲೆಗೆ ಗಾಯವಾದೊಡನೆ ಲಿನೋಲೆನಿಕ್ ಆಮ್ಲಕ್ಕೆ ಆಮ್ಲಜನಕ ಸೇರಿ, ಅದು ತುಂಡಾಗಿ, ಆರು ಇಂಗಾಲದ ಹಗುರ ಅಣುಗಳು ಗಾಳಿಗೆ ಹಾರುತ್ತವೆ. ಹುಳು ಎಲೆ ತಿನ್ನುವಾಗ ಹೊರಡುವ ಇಂಥ ವಾಸನೆಯ ಜಾಡು ಹಿಡಿದು, ಆ ಹುಳುವಿನಲ್ಲಿ ಮೊಟ್ಟೆಯಿಡುವ ಕಣಜಗಳು ಬರುತ್ತವೆ. ಇದೇ ದಾರಿಯ ಇನ್ನೊಂದು ಕವಲಿನಲ್ಲಿ ಜಾಸ್ಮೊನಿಕ್ ಆಮ್ಲ ತಯಾರಾಗುತ್ತದೆ. ಇದರ ಒಂದು ರೂಪ 1962ರಲ್ಲಿ ಮಲ್ಲಿಗೆ ಜಾತಿಯ ಹೂವಿನ ಎಣ್ಣೆಯಲ್ಲಿ ಸಿಕ್ಕಿದ್ದರಿಂದ ಆ ಹೆಸರು. ಅದು ಬರೀ ಪರಿಮಳವಲ್ಲ, ಗಿಡಕ್ಕೆ ಅಪಾಯದ ಗಂಟೆ ಎಂಬುದು ಬಹಳ ಕಾಲದ ಮೇಲೆ ತಿಳಿಯಿತು. ಟೊಮ್ಯಾಟೊ ಗಿಡಕ್ಕೆ ಈ ವಸ್ತುವಿನ ಆವಿ ಸೋಕಿದರೆ ಸಾಕು, ಹುಳುವಿನ ಜೀರ್ಣಶಕ್ತಿ ಕೆಡಿಸುವ ಪ್ರೋಟೀನುಗಳನ್ನು ಎಲೆಯಲ್ಲಿ ತುಂಬಿಕೊಳ್ಳುತ್ತದೆ ಎಂದು 1990ರಲ್ಲಿ ತೋರಿಸಿದರು. ಓಡಿಹೋಗಲಾರದ ಗಿಡ ಕೊಬ್ಬಿನಾಮ್ಲವನ್ನೇ ಸುದ್ದಿಯಾಗಿ ಮಾರ್ಪಡಿಸುತ್ತದೆ.

ಸೋಯಾ ಹಾಲಿಗೆ ಬರುವ ಹಸಿ ಕಾಳಿನ ವಾಸನೆಯೂ ಈ ಕಿಣ್ವದ್ದೇ. ಕಾಳನ್ನು ಕುದಿಯುವ ನೀರು ಹಾಕಿ ರುಬ್ಬಿದರೆ ಕಿಣ್ವ ಕೆಟ್ಟು ವಾಸನೆ ಬರುವುದಿಲ್ಲ. ನಮ್ಮ ರಾಜ್ಯದ ಬೀದರ್, ಬೆಳಗಾವಿ, ಧಾರವಾಡದ ಕಡೆ ಸೋಯಾ ಬೆಳೆಯುವ ರೈತರಿದ್ದಾರೆ. ಈ ವಾಸನೆಗೆ ಕಾರಣವಾದ ಲಿಪಾಕ್ಸಿಜನೇಸ್-2 ಇಲ್ಲದ ಎನ್‌ಆರ್‌ಸಿ 142 ಎಂಬ ತಳಿಯನ್ನು ಇಂದೋರಿನ ಸೋಯಾ ಸಂಶೋಧನಾ ಸಂಸ್ಥೆಯವರು ಬೆಳೆಸಿದ್ದಾರೆ.

ಈಗ ಕಬ್ಬಿಣದ ವಿಷಯ. ಥಿಯೊರೆಲ್ ಮುಟ್ಟಿದ ಮಯೋಗ್ಲೋಬಿನ್, ಸೈಟೋಕ್ರೋಮ್, ಪೆರಾಕ್ಸಿಡೇಸ್, ಕ್ಯಾಟಲೇಸ್ ಎಲ್ಲದರಲ್ಲೂ ಹೀಮ್ ಇತ್ತು. ಅವುಗಳ ದ್ರಾವಣ ಕೆಂಪೋ ಕಂದೋ ಆಗಿರುತ್ತಿತ್ತು. ಸೋಯಾ ಕಿಣ್ವದ ದ್ರಾವಣಕ್ಕೆ ಅಂಥ ಬಣ್ಣವಿಲ್ಲ. ಅದರಲ್ಲಿ ಹೀಮ್ ಕಾಣಲಿಲ್ಲ, ಹಳದಿ ಕಿಣ್ವದಲ್ಲಿದ್ದಂಥ ಬಿಡಿಸಬಲ್ಲ ಭಾಗವೂ ಕಾಣಲಿಲ್ಲ. ಹಾಗಾಗಿ ಲೋಹದ ಸಹಾಯವೇ ಇಲ್ಲದೆ ಉತ್ಕರ್ಷಣ ಮಾಡುವ ವಿಚಿತ್ರ ಕಿಣ್ವ ಇದು ಎಂಬ ತಿಳಿವಳಿಕೆ ಬೇರೂರಿತು, ಪುಸ್ತಕಗಳಲ್ಲೂ ಸೇರಿತು. ಅದು ಸುಮಾರು ಕಾಲು ಶತಮಾನ ಉಳಿಯಿತು.

1973ರಲ್ಲಿ ಯುರೋಪಿನ ಪ್ರಯೋಗಾಲಯಗಳಿಂದ ಬೇರೆ ಸುದ್ದಿ ಬಂತು. ಪ್ರತಿ ಅಣುವಿನಲ್ಲೂ ಒಂದು ಕಬ್ಬಿಣದ ಪರಮಾಣು ಇದೆ. ಅದು ಹೀಮ್ ಚಕ್ರದಲ್ಲಿ ಇಲ್ಲ, ನೇರವಾಗಿ ಪ್ರೋಟೀನಿನ ಮಡಿಕೆಗಳಲ್ಲೇ ಸಿಕ್ಕಿಕೊಂಡಿದೆ, ಆದ್ದರಿಂದ ಬಣ್ಣ ಇಲ್ಲ. ಲೆಕ್ಕ ಹಾಕಿ ನೋಡಿ. ಕಬ್ಬಿಣದ ಪರಮಾಣು ತೂಕ ಸುಮಾರು 56. ಅದನ್ನು 1,02,000ದಿಂದ ಭಾಗಿಸಿದರೆ ಒಂದು ಗ್ರಾಂ ಕಿಣ್ವದಲ್ಲಿ ಅರ್ಧ ಮಿಲಿಗ್ರಾಂಗಿಂತ ತುಸು ಹೆಚ್ಚು ಕಬ್ಬಿಣ ಬರುತ್ತದೆ. ಅಷ್ಟು ಚೂರನ್ನು ಎಲ್ಲೋ ತಗಲಿದ ಕಲ್ಮಶ ಎಂದು ತಳ್ಳಿಹಾಕುವುದು ಸುಲಭ. ಆದರೆ ಕೊಬ್ಬಿನಾಮ್ಲದಿಂದ ಜಲಜನಕ ಕೀಳುವ ಕೈ ಅದೇ ಕಬ್ಬಿಣ. ಅದನ್ನು ತೆಗೆದರೆ ಕಿಣ್ವ ಸತ್ತಂತೆ. ಅದು ಕುಳಿತ ಜಾಗದ ಪೂರ್ತಿ ನಕ್ಷೆ ಎಕ್ಸ್-ಕಿರಣದ ಸಹಾಯದಿಂದ 1993ರಲ್ಲಿ ಸಿಕ್ಕಿತು.

ಕಬ್ಬಿಣದ ಕಿಣ್ವಗಳನ್ನು ಜಗತ್ತಿನಲ್ಲೇ ಚೆನ್ನಾಗಿ ಬಲ್ಲವರ ಕೈಯಲ್ಲಿ ಹರಳಾದ ಕಿಣ್ವದಲ್ಲಿ ಕಬ್ಬಿಣವೇ ಮರೆಯಲ್ಲಿ ಉಳಿದಿತ್ತು. ವಿಲ್‌ಸ್ಟಾಟರ್ ಅವರಿಗೆ ಪ್ರೋಟೀನ್ ಕಾಣಲಿಲ್ಲ, ಅದನ್ನು ಥಿಯೊರೆಲ್ ತೋರಿಸಿಕೊಟ್ಟರು. ಥಿಯೊರೆಲ್ ಅವರ ಹರಳಿನಲ್ಲಿ ಕಾಣದೇ ಹೋದದ್ದನ್ನು ಅವರ ನಂತರದವರು ತೋರಿಸಿಕೊಟ್ಟರು. ಇದರಿಂದ ಅವರ ದೊಡ್ಡತನ ಕಡಿಮೆಯಾಗುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಕಲಬೆರಕೆಯ ರಸದಲ್ಲಿ ಕಬ್ಬಿಣ ಸಿಕ್ಕಿದ್ದರೆ ಅದು ಯಾವ ಪ್ರೋಟೀನಿನದು ಎಂದು ಯಾರೂ ಹೇಳಲಾಗುತ್ತಿರಲಿಲ್ಲ. ಕಿಣ್ವವನ್ನು ಶುದ್ಧವಾಗಿ ಪಡೆಯುವ ದಾರಿ ತೆರೆದಿದ್ದರಿಂದಲೇ ಮುಂದಿನವರು ಪ್ರತಿ ಅಣುವಿಗೆ ಒಂದು ಎಂದು ಎಣಿಸಿ ಹೇಳಬಲ್ಲವರಾದರು.

1955ರಲ್ಲಿ ಉತ್ಕರ್ಷಣ ಕಿಣ್ವಗಳ ಸ್ವರೂಪ ಮತ್ತು ಕೆಲಸದ ರೀತಿಯನ್ನು ಕಂಡುಹಿಡಿದದ್ದಕ್ಕೆ ಥಿಯೊರೆಲ್ ಅವರಿಗೆ ನೊಬೆಲ್ ಬಂತು. ಆಗ ಅವರಿಗೆ 52 ವರ್ಷ. ಮದ್ಯವನ್ನು ಕರಗಿಸುವ ಯಕೃತ್ತಿನ ಕಿಣ್ವದ ಮೇಲೂ ಅವರ ತಂಡ ಬಹಳ ಕೆಲಸ ಮಾಡಿತು. ಕುಡಿದು ವಾಹನ ಓಡಿಸಿದವರ ರಕ್ತದಲ್ಲಿ ಮದ್ಯ ಎಷ್ಟಿದೆ ಎಂದು ನಿಖರವಾಗಿ ಅಳೆಯುವ ವಿಧಾನ ಅಲ್ಲಿಂದ ಬಂತು. ಇಷ್ಟರ ನಡುವೆ ಪಿಟೀಲನ್ನೂ ಬಿಡಲಿಲ್ಲ. ಸ್ಟಾಕ್‌ಹೋಮ್‌ನ ಸಿಂಫನಿ ಸಂಘದ ಅಧ್ಯಕ್ಷರಾಗಿದ್ದರು, ಸ್ವೀಡನ್ನಿನ ಸಂಗೀತ ಅಕಾಡೆಮಿ ಅವರನ್ನು ಸದಸ್ಯರನ್ನಾಗಿ ಮಾಡಿಕೊಂಡಿತ್ತು.

ಅವರು ತೀರಿಕೊಂಡದ್ದು 1982ರ ಆಗಸ್ಟ್ 15ರಂದು, 79ನೆಯ ವಯಸ್ಸಿನಲ್ಲಿ. ಎರಡು ತಿಂಗಳಲ್ಲಿ ಆ ವರ್ಷದ ವೈದ್ಯಶಾಸ್ತ್ರದ ನೊಬೆಲ್ ಪ್ರಕಟವಾಯಿತು. ಪಡೆದ ಮೂವರಲ್ಲಿ ಒಬ್ಬರು ಸುನೆ ಬರ್ಗ್‌ಸ್ಟ್ರಾಮ್, ಥಿಯೊರೆಲ್ ಅವರಲ್ಲಿ ಸೋಯಾ ಕಿಣ್ವದ ಮೇಲೆ ಕೆಲಸ ಮಾಡಿದ್ದ ಆ ತರುಣ. 1945ರಲ್ಲಿ ಅವರು ಲಿನೋಲಿಕ್ ಆಮ್ಲದ ಉತ್ಕರ್ಷಣದ ಬಗ್ಗೆ ಕೊಟ್ಟ ಉಪನ್ಯಾಸ ಕೇಳಿದ ಉಲ್ಫ್ ಫಾನ್ ಆಯ್ಲರ್ ಎಂಬ ಹಿರಿಯರು, ತಮ್ಮಲ್ಲಿದ್ದ ಪ್ರೊಸ್ಟಾಗ್ಲಾಂಡಿನ್ ಎಂಬ ವಸ್ತುವನ್ನು ಪರೀಕ್ಷಿಸಲು ಅವರ ಕೈಗೆ ಕೊಟ್ಟಿದ್ದರು. ನೋವು, ಜ್ವರ, ಊತಕ್ಕೆ ಕಾರಣವಾಗುವ ಈ ವಸ್ತುವೂ ಕೊಬ್ಬಿನಾಮ್ಲಕ್ಕೆ ಆಮ್ಲಜನಕ ಸೇರಿಯೇ ಆಗುತ್ತದೆ. ಆಸ್ಪಿರಿನ್ ತಡೆಯುವುದು ಇದರ ತಯಾರಿಯನ್ನೇ. ಬಹುಮಾನ ಪಡೆದ ಇನ್ನೊಬ್ಬರು, ಬರ್ಗ್‌ಸ್ಟ್ರಾಮ್ ಅವರ ಶಿಷ್ಯ ಬೆಂಗ್ಟ್ ಸ್ಯಾಮ್ಯುಯೆಲ್ಸನ್. ಅವರು ನಮ್ಮ ರಕ್ತದ ಬಿಳಿ ಕಣಗಳಲ್ಲೂ ಲಿಪಾಕ್ಸಿಜನೇಸ್‌ನ ಕೆಲಸ ಕಂಡರು. ಅದರಿಂದ ಹುಟ್ಟುವ ಪದಾರ್ಥಗಳು ಆಸ್ತಮಾದಲ್ಲಿ ಉಸಿರುಕೊಳವೆ ಬಿಗಿಯುವುದಕ್ಕೆ ಒಂದು ಕಾರಣ. ಹುಲ್ಲು, ಸೋಯಾ, ಮನುಷ್ಯ ಎಲ್ಲರಲ್ಲೂ ಒಂದೇ ವಂಶದ ಕಿಣ್ವ ಅಪಾಯದ ಸುದ್ದಿ ಮುಟ್ಟಿಸುತ್ತಿದೆ.

ವಿದ್ಯಾರ್ಥಿ ಮಿತ್ರರೇ, ಥಿಯೊರೆಲ್ ಅವರ ಜೀವನದಿಂದ ನಾನು ತೆಗೆದುಕೊಂಡದ್ದು ಎರಡು ಮಾತು. ಕೈಗೆತ್ತಿಕೊಂಡ ವಸ್ತುವನ್ನು ಮೊದಲು ಶುದ್ಧ ಮಾಡಿಕೊಳ್ಳಬೇಕು, ಅರೆಬರೆಯಾದದ್ದರ ಮೇಲೆ ತೀರ್ಪು ಕಟ್ಟಬಾರದು. ಎಷ್ಟೇ ದೊಡ್ಡವರು ಇಲ್ಲ ಎಂದರೂ ಮತ್ತೊಮ್ಮೆ ಅಳೆದು ನೋಡುವ ಹಕ್ಕು ಚಿಕ್ಕವರಿಗೆ ಇದೆ, ದೊಡ್ಡವರನ್ನು ಗೌರವಿಸುತ್ತಲೇ ಅದನ್ನು ಮಾಡಬಹುದು. ನಿಮ್ಮ ಪಠ್ಯಪುಸ್ತಕದಲ್ಲಿ ಇಂದು ಇರುವ ವಾಕ್ಯಗಳಲ್ಲೂ ಯಾವುದೋ ಒಂದರೊಳಗೆ ಹೀಗೆ ಕಾಣದೇ ಉಳಿದ ಕಬ್ಬಿಣ ಇರಬಹುದು. ಅದನ್ನು ಹುಡುಕುವವರು ನಮ್ಮ ಶಾಲೆಯ ಬೆಂಚಿನಿಂದಲೂ ಎದ್ದುಬರಲಿ.